ಪದ್ಮಿನಿಯ ಕೆಳಗೆ ತೂರಿ ನೋಡಿದಾಗ...

ಅಪ್ಪ ಒಂದು ಕಾಲದಲ್ಲಿ ಫಿಯೆಟ್ ಬುಕ್ ಮಾಡಿದ್ದರು. ಅವರ ಸರದಿ ಬರುವ ಹೊತ್ತಿಗೆ ವರ್ಷಗಳೇ ಕಳೆದು, ಅಕ್ಕನ ಮದುವೆ ನಿಶ್ಚಯವಾಗಿ, ಆ ದುಡ್ಡೆಲ್ಲ ಛತ್ರಕ್ಕೂ ಒಡವೆಗೂ ಹೋಯಿತು. ಕಾರು ಮನೆಗೆ ಬರಲೇ ಇಲ್ಲ. ಹಾಗಾಗಿ ಕರಾವಳಿಯ ಊರೊಂದರಲ್ಲಿ 1975ರ ಪ್ರೀಮಿಯರ್ ಪದ್ಮಿನಿ ಮಾರಾಟಕ್ಕಿದೆ ಅಂತ ಗೊತ್ತಾದಾಗ, ಅಡ್ವಾನ್ಸ್ ದುಡ್ಡು ಜೇಬಿಗೆ ಹಾಕಿಕೊಂಡೇ ಹೊರಟೆ. ಜೊತೆಗೆ ನಮ್ಮೂರಿನ ಹಳೇ ಟಿಂಕರ್ ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆ. ಅದೊಂದೇ ನಾನು ಮಾಡಿದ ಬುದ್ಧಿವಂತಿಕೆ!

ಕಾರು ಕನ್ನಡಿಯ ಹಾಗೆ ಹೊಳೀತಿತ್ತು. ನಾನು ಎಂಜಿನ್ ಸ್ಟಾರ್ಟ್ ಮಾಡಿಸಿ ಆ ಸದ್ದು ಕೇಳುತ್ತಾ ನಿಂತುಬಿಟ್ಟೆ. ಮೇಸ್ತ್ರಿ ಮಾತ್ರ ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. "ಎಂಜಿನ್ ಯಾವಾಗ ಬೇಕಾದ್ರೂ ಕಟ್ಟಬಹುದು ಸಾರ್, ಮೊದಲು ಬಾಡಿ ನೋಡೋಣ" ಅಂದವರೇ ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದರು.

ಅವರ ಮಾತಿನ ಹಿಂದೆ ಒಂದು ಚರಿತ್ರೆಯೇ ಇದೆ. ಬಹಳ ಹಳೆಯ ಕಾರುಗಳಲ್ಲಿ ಕೆಳಗೆ ಏಣಿಯಂಥ ಗಟ್ಟಿ ಚಾಸಿಸ್, ಅದರ ಮೇಲೆ ಬಾಡಿ ಇರುತ್ತಿತ್ತು. ಬಾಡಿಗೆ ತುಕ್ಕು ಹಿಡಿದರೂ ಕಾರಿನ ಬೆನ್ನುಮೂಳೆ ಉಳಿಯುತ್ತಿತ್ತು. 1922ರ ಲ್ಯಾನ್ಸಿಯಾ ಲಾಂಬ್ಡಾ, 1934ರ ಸಿಟ್ರೋಯೆನ್ ಟ್ರಾಕ್ಸಿಯೋಂ ಅವಾಂತ್ ಈ ಪದ್ಧತಿಯನ್ನೇ ಬದಲಿಸಿದವು. ಬಾಡಿಯೇ ಚಾಸಿಸ್ ಆಯಿತು. ಕಾರು ಹಗುರವಾಯಿತು, ಆದರೆ ತೆಳು ತಗಡೇ ಈಗ ಭಾರ ಹೊರಬೇಕು. 1953ರಲ್ಲಿ ಇಟಲಿಯಲ್ಲಿ ಬಂದ ಫಿಯೆಟ್ 1100/103 ಕೂಡ ಇದೇ ಜಾತಿಯದು. ಅದರ ಮುಂದಿನ ರೂಪವಾದ 1100ಡಿಯನ್ನು ವಾಲ್‌ಚಂದ್ ಹೀರಾಚಂದ್ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ 1964ರಿಂದ ಮುಂಬೈಯಲ್ಲಿ ತಯಾರಿಸಿತು. 1974ರಲ್ಲಿ ಅದಕ್ಕೆ ಪದ್ಮಿನಿ ಅಂತ ಹೆಸರಾಯಿತು. (1940ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದ್ದೂ ಇದೇ ವಾಲ್‌ಚಂದ್!)

ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಗುಲಿದರೆ ತುಕ್ಕು. ಉಪ್ಪು ಸೇರಿದರೆ ಅದರ ವೇಗ ಇನ್ನೂ ಹೆಚ್ಚು. ಕರಾವಳಿಯಲ್ಲಿ ಈ ಮೂರಕ್ಕೂ ಬರವಿಲ್ಲ. ಮಂಗಳೂರಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ. ಎರಡು ತಗಡುಗಳು ಸೇರುವ ಸಂದಿಯಲ್ಲಿ ನೀರು ನಿಂತು, ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗಡೆ ಬಣ್ಣದ ಮೇಲೆ ಸಣ್ಣ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಮುಗಿದಿರಬಹುದು.

ಮೇಸ್ತ್ರಿ ಬಾಗಿಲ ಕೆಳಗಿನ ಉದ್ದ ಪಟ್ಟಿಯ ಮೇಲೆ ಅಯಸ್ಕಾಂತ ಎಳೆದರು. ಒಂದು ಗೇಣು ಅಂಟಿಕೊಂಡು ಬಂತು, ಆಮೇಲೆ ಜಾರಿ ಕೈಗೆ ಬಿತ್ತು. ಅಲ್ಲಿ ತಗಡೇ ಇರಲಿಲ್ಲ, ಬರೀ ಪುಟ್ಟಿ! ಬಾಗಿಲ ಅಡಿಯಲ್ಲಿ ನೀರು ಹೋಗುವ ತೂತುಗಳು ಮಣ್ಣಿನಿಂದ ಮುಚ್ಚಿಹೋಗಿದ್ದವು. ಕಾಲಡಿಯ ಮ್ಯಾಟ್ ಎತ್ತಿದರೆ ನೆಲದ ಮೇಲೆ ಹೊಸ ತಗಡಿನ ತೇಪೆ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಠಣ್ ಅನ್ನದೆ ದಪ್ ಅಂತು. ಕೊನೆಗೆ ಒಂದು ಪಕ್ಕ ಜಾಕ್ ಕೊಟ್ಟು ಎತ್ತಿ, "ಈಗ ಬಾಗಿಲು ತೆಗೀರಿ" ಅಂದರು. ಬಾಗಿಲು ಕಚ್ಚಿಕೊಂಡಿತ್ತು. ಅಂದರೆ ಕಾರಿನ ನಡುವೇ ಬಗ್ಗುತ್ತಿತ್ತು.

ಇದು ಪಾಪ ಆ ಮಾಲೀಕರ ಮೋಸವಲ್ಲ. ಅವರಿಗೂ ಗೊತ್ತಿರಲಿಲ್ಲ. ಲೈಸೆನ್ಸ್ ರಾಜ್ ಕಾಲದಲ್ಲಿ ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತಲ್ಲ, ಹಾಗಾಗಿ ಇದ್ದ ಕಾರನ್ನು ಯಾರೂ ಗುಜರಿಗೆ ಹಾಕುತ್ತಿರಲಿಲ್ಲ. ತೇಪೆ ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಓಡಿಸುತ್ತಿದ್ದರು. ನಮ್ಮಪ್ಪ ಸಾಲಿನಲ್ಲಿ ಕಾಯುತ್ತಿದ್ದಾಗ, ಇಂಥ ಕಾರುಗಳು ತೇಪೆಯ ಮೇಲೆ ತೇಪೆ ಹಾಕಿಸಿಕೊಳ್ಳುತ್ತಿದ್ದವು. ಎರಡೂ ಒಂದೇ ಕತೆಯ ಎರಡು ಪುಟಗಳು.

ಈ ತುಕ್ಕಿನ ಕಷ್ಟ ನಮ್ಮೊಬ್ಬರದೇ ಅಲ್ಲ ಬಿಡಿ. 1980ರಲ್ಲಿ ಬ್ರಿಟನ್ನಿನಲ್ಲಿ ಲ್ಯಾನ್ಸಿಯಾ ಬೀಟಾ ಕಾರುಗಳಲ್ಲಿ ಎಂಜಿನ್ ಹೊರುವ ಭಾಗದ ಹತ್ತಿರ ತುಕ್ಕು ಹಿಡಿದು, ಕಂಪನಿಯೇ ಅವನ್ನು ವಾಪಸ್ ಕೊಂಡುಕೊಳ್ಳಬೇಕಾಯಿತು. ಪೋರ್ಶೆ 1970ರ ದಶಕದ ನಡುವಿನಲ್ಲಿ ಸತು ಲೇಪಿಸಿದ ತಗಡಿನಲ್ಲಿ ಬಾಡಿ ಕಟ್ಟಲು ಶುರುಮಾಡಿತ್ತು. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆ ಪದ್ಧತಿ ಸಾಮಾನ್ಯ ಕಾರುಗಳಿಗೆ ಬರಲು ಇನ್ನೂ ಸಮಯ ಬೇಕಾಯಿತು.

ಇನ್ನೊಂದು ವಿಷಯ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಆದರೆ ಅದು ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಕಾರಿನ ವಯಸ್ಸನ್ನು ಆರ್.ಸಿ. ಪುಸ್ತಕ ಹೇಳುತ್ತದೆ, ಅದು ಬದುಕಿದ ರೀತಿಯನ್ನು ತಗಡೇ ಹೇಳಬೇಕು.

ಅಡ್ವಾನ್ಸ್ ಕೊಡಲಿಲ್ಲ. ಮಾಲೀಕರು ಕೊಟ್ಟ ಕಾಫಿ ಕುಡಿದು, ಬಾಗಿಲ ತೂತುಗಳನ್ನು ಸ್ವಚ್ಛ ಮಾಡಿಕೊಟ್ಟು ಬಂದೆವು. ದಾರಿಯಲ್ಲಿ ಘಟ್ಟ ಹತ್ತುವಾಗ ಮೇಸ್ತ್ರಿ ಅಂದರು: "ಬೇಜಾರಾಗಬೇಡಿ ಸಾರ್. ಬಯಲುಸೀಮೆ ಕಡೆ ಹುಡುಕೋಣ. ಬಣ್ಣ ಹೋಗಿರೋದು ಸಿಕ್ರೂ ಪರವಾಗಿಲ್ಲ, ಸುಳ್ಳು ಹೇಳಲ್ಲ."

ಇನ್ನೂ ಹುಡುಕುತ್ತಾ ಇದ್ದೀನಿ. ನೀವೂ ಹಳೇ ಕಾರು ನೋಡೋಕೆ ಹೋದರೆ ಜೇಬಲ್ಲಿ ಒಂದು ಅಯಸ್ಕಾಂತ ಇರಲಿ. ದುಡ್ಡು ಆಮೇಲೆ ತೆಗೀರಿ.