ಲಾರಿ ಎಲ್ಲಿ ದಾಟಬೇಕು?

ಹಂಪಿಯ ವಿಠ್ಠಲ ದೇವಸ್ಥಾನಕ್ಕೆ ಹೋದವರಿಗೆ ಗೊತ್ತು. ಗೆಜ್ಜಲ ಮಂಟಪದ ಹತ್ತಿರ ಕಾರು ನಿಲ್ಲಿಸಬೇಕು. ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ಬ್ಯಾಟರಿ ಗಾಡಿ, ಇಲ್ಲಾ ಕಾಲ್ನಡಿಗೆ. ಹೊಗೆ ಇಲ್ಲ, ಎಲ್ಲರೂ ಹೊಗಳ್ತಾರೆ. ಆದರೆ ವೀಕ್ಷಕರೇ, ಹಂಪಿಯಲ್ಲಿ ವಾಹನದ ದೊಡ್ಡ ಜಗಳ ನಡೆದದ್ದು ಈ ಒಂದು ಕಿಲೋಮೀಟರಿಗಲ್ಲ. ಅಲ್ಲೇ ಹತ್ತಿರದ ತಳವಾರಘಟ್ಟದಲ್ಲಿ, ಒಂದು ಸೇತುವೆಗಾಗಿ.

ತುಂಗಭದ್ರೆ ದಾಟುವ ಕಷ್ಟ ಹಳೇದು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂಥ ದುಂಡನೆ ದೋಣಿಯಲ್ಲಿ ಜನ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ನಮ್ಮ ಹರಿಗೋಲು, ಇನ್ನೇನು! ಪುರಂದರ ಮಂಟಪದ ಬಳಿ ಹಳೇ ಸೇತುವೆಯ ಕಲ್ಲುಕಂಬಗಳು ಇನ್ನೂ ನಿಂತಿವೆ. ಐನೂರು ವರ್ಷ ಆದ್ಮೇಲೂ ಆನೆಗೊಂದಿಯ ಬಸುರಿ ಹೆಣ್ಣುಮಗಳು ಹರಿಗೋಲು ಕಾಯಬೇಕು ಅಂದ್ರೆ ಹೇಗೆ ಸ್ವಾಮಿ? ಸೇತುವೆ ಕೇಳಿದ್ದು ತಪ್ಪಲ್ಲ.

ತಪ್ಪಿದ್ದು ಜಾಗ. 1986ರಲ್ಲೇ ವಿಶ್ವ ಪರಂಪರೆ ಪಟ್ಟಿ ಸೇರಿದ ಜಾಗದ ನಡುವೆ ಸೇತುವೆ ಎದ್ದರೆ ಊರವರ ಬೈಕಷ್ಟೇ ಬರುತ್ತಾ? ಲಾರಿ ಬರುತ್ತೆ. ಲಾರಿಗೆ ರಸ್ತೆ ಅಗಲ ಆಗಬೇಕು. ಬದಿಗೆ ಡಾಬಾ, ಪಂಕ್ಚರ್ ಅಂಗಡಿ, ಲಾಡ್ಜು. ನೋಡನೋಡ್ತಾ ಗದ್ದೆ ಸೈಟಾಗುತ್ತೆ. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿತು. ಕಲ್ಲು ಮುಖ್ಯವೋ, ಜನ ಮುಖ್ಯವೋ ಅನ್ನೋ ಚರ್ಚೆ ಆಯ್ತು. ನನ್ನ ಪ್ರಕಾರ ಆ ಪ್ರಶ್ನೆಯೇ ಸರಿಯಿಲ್ಲ. ಕೇಳಬೇಕಿದ್ದದ್ದು ಒಂದೇ: ಲಾರಿ ಎಲ್ಲಿ ದಾಟಬೇಕು?

ಉತ್ತರ ಬಂತು, ತಡವಾಗಿ. ಭೂಬಳಕೆ ನೋಡಿಕೊಳ್ಳೋಕೆ 2002ರಲ್ಲಿ ಹಂಪಿ ಪ್ರಾಧಿಕಾರದ ಕಾಯ್ದೆ ಆಯ್ತು. ತಳವಾರಘಟ್ಟದಲ್ಲಿ ಹಗುರ ವಾಹನ ಮಾತ್ರ, ಭಾರೀ ವಾಹನಕ್ಕೆ ಹೊರಗೆ ಬುಕ್ಕಸಾಗರ–ಕಡೆಬಾಗಿಲು ಬಳಿ ಬೇರೆ ಸೇತುವೆ ಅಂತಾಯ್ತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ತಳವಾರಘಟ್ಟದ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಬಿತ್ತು. ಕೂಲಿ ಮಾಡಲು ಬಂದವರು ಸತ್ತರು. ಜಾಗ ಮೊದಲೇ ಸರಿಯಾಗಿ ಆರಿಸಿದ್ದರೆ ಅಲ್ಲಿ ಅವರಿಗೆ ಕೆಲಸವೇ ಇರುತ್ತಿರಲಿಲ್ಲ.

ಈಗ ಬುಕ್ಕಸಾಗರದ ಸೇತುವೆ ಮೇಲೆ ವಾಹನ ಓಡಾಡ್ತಿವೆ. ಆದರೆ ಬ್ಯಾಟರಿ ಗಾಡಿ ಹತ್ತಲು ಬರುವ ಬಹುಪಾಲು ಪ್ರವಾಸಿಗರು ಹೊಸಪೇಟೆಯಿಂದ ಕಮಲಾಪುರ ದಾಟಿ ಬರೋದು ಪೆಟ್ರೋಲ್, ಡೀಸೆಲ್ ಗಾಡಿಯಲ್ಲೇ. ಕಾರನ್ನು ಹೊಸಪೇಟೆಯಲ್ಲೇ ನಿಲ್ಲಿಸಿ ಅಲ್ಲಿಂದಲೇ ಬ್ಯಾಟರಿ ಬಸ್ಸು ಯಾಕೆ ಓಡಿಸಬಾರದು? 2021ರಿಂದ ವಿಜಯನಗರ ಜಿಲ್ಲೆ ಬೇರೆ ಆಗಿದೆ, ಜಿಲ್ಲಾಡಳಿತ ಕೂತಿರೋದೂ ಹೊಸಪೇಟೆಯಲ್ಲೇ.