ತುಂಗಭದ್ರಾ ತೀರದ ಆಳವಿಲ್ಲದ ನೀರಿನಲ್ಲಿ ಸಂಜೆಯ ಗಾಳದ ಮೀನುಗಾರಿಕೆ: ಸಾರ್ವಜನಿಕರಿಗೆ ಮಾಹಿತಿ

ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿ ಭಾಗದ ಜಲಾಶಯ, ಕೆರೆ ಮತ್ತು ನದಿ ದಂಡೆಗಳಲ್ಲಿ ಗಾಳ ಹಾಗೂ ಕೃತಕ ಎರೆ ಬಳಸಿ ಮೀನು ಹಿಡಿಯಲು ಇಚ್ಛಿಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಯಾವ ನೀರು, ಯಾರ ಅಧೀನ

ಅರ್ಜಿದಾರರು ಮೊದಲು ತಿಳಿಯಬೇಕಾದುದು ನೀರು ಯಾರ ಅಧೀನದಲ್ಲಿದೆ ಎಂಬುದನ್ನು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಜಲಾಶಯವು 1633 ಅಡಿಯ ಪೂರ್ಣ ಮಟ್ಟದಲ್ಲಿ ಸುಮಾರು 378 ಚದರ ಕಿ.ಮೀ. ವಿಸ್ತಾರ ಹೊಂದಿದ್ದು, ಅದರ ಮೀನುಗಾರಿಕೆಯನ್ನು ತುಂಗಭದ್ರಾ ಮಂಡಳಿಯು ನೋಡಿಕೊಳ್ಳುತ್ತ ಬಂದಿದೆ. ಆದ್ದರಿಂದ ಜಲಾಶಯದ ದಂಡೆಗೆ ಸಂಬಂಧಿಸಿದಂತೆ ಟಿ.ಬಿ. ಡ್ಯಾಂನಲ್ಲಿರುವ ಮಂಡಳಿಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಕಮಲಾಪುರ ಕೆರೆ, ಸಂಡೂರು ತಾಲ್ಲೂಕಿನ ತಾರಾನಗರದ ಬಳಿಯ ನಾರಿಹಳ್ಳ ಜಲಾಶಯ ಮುಂತಾದ ಇತರ ಜಲಮೂಲಗಳಿಗಾಗಿ ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು. ಗುತ್ತಿಗೆಗೆ ನೀಡಲಾದ ಕೆರೆಯಲ್ಲಿ ಗುತ್ತಿಗೆದಾರರ ಒಪ್ಪಿಗೆಯಿಲ್ಲದೆ ಒಂದು ಮೀನನ್ನೂ ಹಿಡಿಯುವಂತಿಲ್ಲ. ಅದರಲ್ಲಿ ಬಿಟ್ಟ ಮರಿಗಳಿಗೆ ಅವರು ಹಣ ತೆತ್ತಿರುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ನಂತರ ಹೊಸಪೇಟೆ ಮತ್ತು ಹಂಪಿ ಆ ಜಿಲ್ಲೆಗೆ ಸೇರಿದ್ದು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ಅರ್ಜಿಗಳು ತಪ್ಪು ಕಚೇರಿಗೆ ಹೋಗದಂತೆ ಇದನ್ನು ಗಮನಿಸಲು ಕೋರಲಾಗಿದೆ.

ಸಂಜೆಯ ವೇಳೆಯೇ ಏಕೆ

ಹಗಲಿನ ಬಿಸಿಲು ಇಳಿದು ಬೆಳಕು ಮಂದವಾಗುತ್ತಿದ್ದಂತೆ ಗೆಂಡೆಯಂತಹ ಸಣ್ಣ ಮೀನುಗಳು, ಕಪ್ಪೆಗಳು ಮತ್ತು ಹುಳುಗಳು ದಂಡೆಯ ಆಳವಿಲ್ಲದ ನೀರಿನಲ್ಲಿ ಚಟುವಟಿಕೆಯಿಂದಿರುತ್ತವೆ. ಇವುಗಳನ್ನು ತಿನ್ನುವ ಮುರ್ರೆಲ್ ಮತ್ತು ಬಾಳೆ ಮೀನು ಅದೇ ವೇಳೆಗೆ ದಂಡೆಗೆ ಬರುತ್ತವೆ. ಕೊರಮೀನು ಎಂದೂ ಕರೆಯಲಾಗುವ ಮುರ್ರೆಲ್, ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಮೀನಾದುದರಿಂದ ಆಗಾಗ್ಗೆ ಮೇಲ್ಮೈಗೆ ಬಂದು ಹೋಗುತ್ತದೆ. ನೀರಿನ ಮೇಲೆ ಏಳುವ ಆ ಸಣ್ಣ ಸುಳಿಯೇ ಅನುಭವಿಗಳಿಗೆ ಗುರುತು. ಕಳೆಗಿಡಗಳ ಅಂಚು ಮತ್ತು ಮುಳುಗಿದ ಬಂಡೆಗಳ ಸಂದು ಇದರ ಮೆಚ್ಚಿನ ಸ್ಥಳಗಳು.

ಕಳೆಯಿರುವ ಕಡೆ ಕಪ್ಪೆಯ ಆಕಾರದ ಮೃದುವಾದ ತೇಲುವ ಎರೆ ಉತ್ತಮ. ಅದರ ಕೊಕ್ಕೆಗಳು ದೇಹಕ್ಕೆ ಅಂಟಿಕೊಂಡಿರುವುದರಿಂದ ಗಿಡಕ್ಕೆ ಸಿಕ್ಕಿಕೊಳ್ಳುವುದು ಕಡಿಮೆ. ಎರೆಯನ್ನು ಕಳೆಯ ಆಚೆಗೆ ಎಸೆದು, ಕ್ಷಣಕಾಲ ಬಿಟ್ಟು, ನಿಂತು ನಿಂತು ಎಳೆಯತಕ್ಕದ್ದು. ತೆರೆದ ನೀರಿನಲ್ಲಿ ಚಮಚದಂತೆ ಹೊಳೆಯುವ ಲೋಹದ ಎರೆ ಅಥವಾ ಸಣ್ಣ ಮೀನಿನ ಆಕಾರದ ಎರೆ ಸಾಕು. ದುಬಾರಿ ಎರೆಗೇ ಮೀನು ಬೀಳುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ದಂಡೆಯಲ್ಲಿ ಸದ್ದು ಮಾಡದೆ ನಿಲ್ಲುವುದು ಅದಕ್ಕಿಂತ ಹೆಚ್ಚು ಫಲ ನೀಡುತ್ತದೆ.

ಮರಿ ಕಾಯುವ ಮೀನನ್ನು ಹಿಡಿಯಬಾರದು

ಮಳೆಗಾಲದಲ್ಲಿ ಕೆಂಪು ಬಣ್ಣದ ಮರಿಗಳ ಗುಂಪು ನೀರಿನ ಮೇಲ್ಮೈಯಲ್ಲಿ ಉಂಡೆಯಂತೆ ಚಲಿಸುವುದನ್ನು ಕಾಣಬಹುದು. ಅದರ ಕೆಳಗೆ ತಾಯಿ ಅಥವಾ ತಂದೆ ಮುರ್ರೆಲ್ ಕಾವಲಿರುತ್ತದೆ. ಮರಿಗಳ ಬಳಿ ಬಿದ್ದ ಯಾವುದೇ ವಸ್ತುವಿನ ಮೇಲೆ ಅದು ಎರಗುವುದರಿಂದ ಅದನ್ನು ಹಿಡಿಯುವುದು ಅತಿ ಸುಲಭ. ಆದರೆ ಕಾವಲು ತಪ್ಪಿದ ಮರಿಗಳು ಇತರ ಮೀನುಗಳಿಗೆ ಆಹಾರವಾಗುತ್ತವೆ. ಒಂದು ಮೀನಿಗಾಗಿ ಇಡೀ ಸಂಸಾರವೇ ಹಾಳಾಗುವ ಈ ರೀತಿಯನ್ನು ಕೈಬಿಡಬೇಕಾಗಿ ಕೋರಲಾಗಿದೆ.

ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ

ಅಣೆಕಟ್ಟೆಯ ಕೆಳಭಾಗದಲ್ಲಿರುವ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಭಾಗವನ್ನು 2015ರಲ್ಲಿ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಹಂಪಿಯ ನದಿ ದಂಡೆಯೂ ಇದರೊಳಗೇ ಬರುತ್ತದೆ. ನೀರುನಾಯಿಯ ಮುಖ್ಯ ಆಹಾರವೇ ಮೀನು. ಇಲ್ಲಿ ಅರಣ್ಯ ಇಲಾಖೆಯನ್ನು ವಿಚಾರಿಸದೆ ಗಾಳ ಹಾಕತಕ್ಕದ್ದಲ್ಲ. ತುಂಡಾದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಟ್ಟು ಹೋದಲ್ಲಿ ನೀರುನಾಯಿ, ಆಮೆ ಮತ್ತು ಹಕ್ಕಿಗಳು ಸಿಕ್ಕಿ ಸಾಯುತ್ತವೆ. ಸಿಡಿಮದ್ದು ಅಥವಾ ವಿಷ ಬಳಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮದ ಕಾಲದಿಂದಲೂ ಅಪರಾಧವಾಗಿದೆ. ಸಿಡಿಮದ್ದಿನಿಂದ ಸತ್ತ ಮೀನುಗಳಲ್ಲಿ ಹಲವು ತಳ ಸೇರುವುದರಿಂದ ಹಿಡಿದವನಿಗೂ ಅವು ದಕ್ಕುವುದಿಲ್ಲ.

ಸುರಕ್ಷತೆ

ನದಿಯಲ್ಲಿ ಮೊಸಳೆಗಳಿವೆ. ಸಂಜೆಗತ್ತಲಲ್ಲಿ ಅವು ಕಣ್ಣಿಗೆ ಬೀಳುವುದು ಕಷ್ಟ. ಮೊಣಕಾಲುದ್ದ ನೀರಿಗೂ ಇಳಿಯದೆ, ನೀರಿನ ಅಂಚಿನಿಂದ ದೂರದ ಎತ್ತರದ ಬಂಡೆಯ ಮೇಲೆ ನಿಂತು ಎರೆ ಎಸೆಯತಕ್ಕದ್ದು. ಮೀನು ಸ್ವಚ್ಛಗೊಳಿಸುವ ಕೆಲಸವನ್ನು ದಂಡೆಯಲ್ಲಿ ಮಾಡಬಾರದು. ದರೋಜಿ ಕರಡಿಧಾಮದ ಆಸುಪಾಸಿನ ಗುಡ್ಡಗಳಿಂದ ಕರಡಿಗಳು ಹೊರಬರುವುದೂ ಇದೇ ವೇಳೆಗೆ. ಆದ್ದರಿಂದ ಕತ್ತಲಾಗುವ ಮುನ್ನ ಹಿಂದಿರುಗುವುದು ಕ್ಷೇಮ.

ಜಲಾಶಯದಿಂದ ನೀರು ಬಿಡುವ ದಿನಗಳಲ್ಲಿ ನದಿ ದಂಡೆಗೆ ಹೋಗಲೇಬಾರದು. ನೀರು ಏರಿದಾಗ ಹಂಪಿಯ ಪುರಂದರ ಮಂಟಪವೇ ಮುಳುಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಯಾವ ಮುನ್ಸೂಚನೆಯೂ ಇರಲಿಲ್ಲ. ನಡುಗಡ್ಡೆಯ ಬಂಡೆಗಳ ಮೇಲೆ ಕುಳಿತು ಗಾಳ ಹಾಕುವವರು ಹೊರಡುವ ಮುನ್ನ ಅಂದಿನ ನೀರಿನ ಹೊರಹರಿವನ್ನು ಸ್ಥಳೀಯ ಆಡಳಿತದಿಂದ ತಿಳಿದುಕೊಳ್ಳತಕ್ಕದ್ದು.