ಕಡಲತಡಿಯ ಗೃಹಚಿತ್ರಗಳು: ಕರ್ತೃವಿಚಾರ

ಕರ್ತೃವಿನ ಹೆಸರಿಲ್ಲದ ಗ್ರಂಥವು ದೊರೆತಾಗ ಪುಷ್ಪಿಕೆಯನ್ನೂ ಲಿಪಿಕಾರನ ಕೈಯನ್ನೂ ಪರೀಕ್ಷಿಸುವುದು ನಮಗೆ ರೂಢಿಯಾಗಿದೆ. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡಿನ ಕಡಲತೀರಗಳಲ್ಲಿ ಗೃಹಿಣಿಯರು ತೆಗೆದ ಚಲಚ್ಚಿತ್ರಗಳಿಗೂ ಅಂಥದೇ ಪರೀಕ್ಷೆಯು ಸಲ್ಲತಕ್ಕುದೆಂದು ಇಲ್ಲಿ ನಿವೇದಿಸುತ್ತೇನೆ.

ಫ್ರಾನ್ಸಿನ ಪಾಥೆ ಸಂಸ್ಥೆಯವರು 1922ರ ಕೊನೆಯಲ್ಲಿ 9.5 ಮಿಲಿಮೀಟರು ಅಗಲದ ಸುರುಳಿಯನ್ನೂ, ಅಮೆರಿಕದ ಕೊಡಾಕ್ ಸಂಸ್ಥೆಯವರು 1923ರಲ್ಲಿ 16 ಮಿಲಿಮೀಟರಿನದನ್ನೂ ಹೊರತಂದರು. ಚಿತ್ರಮಂದಿರಗಳ ನೈಟ್ರೇಟ್ ಸುರುಳಿಯು ಕ್ಷಣದಲ್ಲಿ ಉರಿದೇಳುವುದು. ಇವಾದರೋ ಅಸಿಟೇಟಿನವಾದುದರಿಂದ ಮನೆಗೆ ನಿರಪಾಯವಾದವು. ಕೊಡಾಕಿನ ಮೊದಲ ಯಂತ್ರಕ್ಕೆ ಮುಕ್ಕಾಲಿಯೂ, ಹಿಡಿಕೆ ತಿರುವುವ ಕೈಯೂ ಬೇಕಾಗಿದ್ದುವು. 1925ರದರಲ್ಲಿ ಗಡಿಯಾರದಂತೆ ಕೀಲಿಕೊಡುವ ಸ್ಪ್ರಿಂಗು ಬಂದಿತು. ಮರಳಿನಲ್ಲಿ ಮಕ್ಕಳ ಹಿಂದೆ ಓಡಬೇಕಾದ ತಾಯಿಗೆ ಇದು ಅಲ್ಪ ಸಂಗತಿಯಲ್ಲ. ಆದರೆ 1923ರ ಪೂರ್ಣ ಸಲಕರಣೆಯ ಬೆಲೆ 335 ಡಾಲರು! ಆದುದರಿಂದ ಈ ಚಿತ್ರಗಳು ಬಹುಮಟ್ಟಿಗೆ ಉಳ್ಳವರವು. ಕೂಲಿಯ ಹೆಂಗಸು ಕಂಡರೆ ಪರರ ಚಿತ್ರದ ಹಿನ್ನೆಲೆಯಲ್ಲಿ ಕಾಣುವಳು.

ಹೆಸರುಳಿದವರಿಲ್ಲದೆ ಇಲ್ಲ. ಫ್ರಾನ್ಸೆಸ್ ಲ್ಯಾಸ್ಕಾಟಳು 1928ರಲ್ಲಿ ಸ್ತ್ರೀಯರನ್ನೇ ಕೂಡಿಸಿಕೊಂಡು 'ಸ್ಯಾಲಿ ಸ್ಯಾಲೀಸ್ ಫೋರ್ತ್' ಎಂಬ ಹವ್ಯಾಸಿ ಚಿತ್ರವನ್ನು ನಿರ್ಮಿಸಿದಳು. ಜೆನ್ನಿ ಬ್ರೌನಳು 1931ರಲ್ಲಿ ಶೆಟ್ಲೆಂಡ್ ದ್ವೀಪಗಳ ಒಕ್ಕಲುಜನರ ಬಾಳನ್ನು 16 ಮಿಲಿಮೀಟರಿನಲ್ಲಿ ಹಿಡಿದಳು. ತೊಡಕಿರುವುದು ಮನೆಯ ಸುರುಳಿಗಳಲ್ಲಿ.

ಯಂತ್ರವನ್ನು ಹಿಡಿದವರು ಚಿತ್ರದಲ್ಲಿ ಕಾಣರಷ್ಟೆ. ತಂದೆಯು ಮರಳಿನ ಕೋಟೆಯನ್ನು ಕಟ್ಟುತ್ತಿರುವನು, ಅಜ್ಜಿಯು ಮಡಿಸುಕುರ್ಚಿಯಲ್ಲಿರುವಳು, ತಾಯಿಯೆಲ್ಲಿ? ಇಳಿಹೊತ್ತಿನಲ್ಲಿ ಮರಳ ಮೇಲೆ ಚಾಚಿದ ಟೋಪಿಯ ನೆರಳೊಂದೇ ಸಾಕ್ಷ್ಯವಾಗಬಹುದು. ಡಬ್ಬಿಯ ಮೇಲಣ ಮನೆತನದ ಹೆಸರನ್ನು ನೋಡಿ ಯಜಮಾನನೇ ಕರ್ತೃವೆನ್ನುವುದು, ಓಲೆಗಟ್ಟಿನ ಒಡೆಯನನ್ನೇ ಕವಿಯೆಂದಂತೆ. ಹಾಗೆಂದು, ತಾಯಿ ಕಾಣಲಿಲ್ಲವೆಂಬುದರಿಂದಲೇ ಅವಳೇ ಕರ್ತೃವೆಂದು ಸಾಧಿಸುವುದೂ ನ್ಯಾಯವಲ್ಲ. ದಾದಿಯೋ ಅತಿಥಿಯೋ ಆಗಿರಬಹುದು. ಯಂತ್ರವು ಕೈಯಿಂದ ಕೈಗೆ ಸಾಗುತ್ತಿತ್ತು. ತಂದೆಯಿರುವ ತುಣುಕಿನ ಮರುಕ್ಷಣವೇ ತಾಯಿಯು ಕಂಡರೆ, ಒಂದೇ ಸುರುಳಿಗೆ ಇಬ್ಬರು ಕರ್ತೃಗಳು. ಆದಕಾರಣ ಇಡೀ ಸುರುಳಿಗೆ ಬದಲಾಗಿ ತುಣುಕು ತುಣುಕಿಗೂ ಕರ್ತೃನಿರ್ಣಯವಾಗಬೇಕೆಂದು ನನ್ನ ಮತ.

ಪಾಠಾಂತರದ ನೆರವಂತೂ ಇಲ್ಲಿಲ್ಲ. ಯಂತ್ರದಲ್ಲಿ ಓಡಿದ ಸುರುಳಿಯನ್ನೇ ರಾಸಾಯನಿಕ ವಿಧಾನದಿಂದ ತಿರುಗಿಸಿ ಪರದೆಗೆ ಸಿದ್ಧಗೊಳಿಸುತ್ತಿದ್ದುದರಿಂದ ಸಾಮಾನ್ಯವಾಗಿ ಅದೊಂದೇ ಪ್ರತಿ. ಮನೆಯವರು ಬೇಡದುದನ್ನು ಕತ್ತರಿಸಿದಾಗ ಮೂಲವೇ ಹೋಯಿತು. 100 ಅಡಿಯ 16 ಮಿಲಿಮೀಟರಿನ ಸುರುಳಿಯು ನಾಲ್ಕು ನಿಮಿಷ ಮಾತ್ರ ಓಡುವುದು; ಅದರಲ್ಲಿಯೂ ಹತ್ತು ಕ್ಷಣ ನಷ್ಟವಾದರೆ, ನಾವು ಹುಡುಕುವ ನೆರಳು ಅಲ್ಲಿಯೇ ಇದ್ದಿರಬಹುದು. 1940ರಲ್ಲಿ ದಕ್ಷಿಣ ತೀರದಲ್ಲಿ ಮುಳ್ಳುತಂತಿಯೂ ನೆಲಸಿಡಿಗಳೂ ಹರಡಿದುವು. ಉಳಿದ ಅಸಿಟೇಟ್ ಸುರುಳಿಗಳು ಕಾಲಕ್ರಮದಲ್ಲಿ ವಿನಿಗರಿನ ಹುಳಿನಾತವನ್ನು ಬೀರುತ್ತ ಕುಗ್ಗತೊಡಗುವುವು.